ಜಾಳಿಗೆ ಕಪಾಟಿನ ಬಾವಚಿ

ಅಥವಾ ಹುಳಕ್ಕೆಂದು ಮೊದಲು ತಂದದ್ದು ಬಿಲ್ವ ಅಲ್ಲವೇ ಅಲ್ಲವೇನೋ. ನಿಂಬೆಯಿಂದಲೇ ಶುರುವಾಗಿರಬೇಕು, ಅಂಗಳದಲ್ಲಿ ಇದ್ದದ್ದು ನಿಂಬೆ ಗಿಡ, ಹುಳ ಕಂಡದ್ದು ಅದರ ಎಲೆಯ ಮೇಲೆ. ಆದರೂ ಈ ಪ್ರಸಂಗ ನೆನೆದಾಗಲೆಲ್ಲ ಬಿಲ್ವವೇ ಮುಂದೆ ಬಂದು ನಿಲ್ಲುತ್ತದೆ, ದೇವರ ಗಿಡವೆಂಬ ಠೇಂಕಾರದಿಂದ. ನನ್ನ ನೆನಪಿಗೆ ನಮ್ಮ ಗುರುಕಾಕಾನ ಚಾಳಿ ಇದೆ: ಬಂದವರ ಎದುರು ಯಾವುದು ಶೋಭಿಸುತ್ತದೋ ಅದನ್ನೇ ಮುಂದಿಡುವುದು. ಅರವತ್ತು ವರ್ಷಗಳಿಂದ ಇದನ್ನು ಬೇರೆಬೇರೆಯವರಿಗೆ ಹೇಳುತ್ತ ಬಂದಿದ್ದೇನೆ, ಹೇಳಿದಾಗಲೆಲ್ಲ ಗಿಡಗಳ ಸರದಿ ಬದಲಾಗಿದೆ. ಹಾಗಾಗಿ ಸರದಿಯನ್ನು ಯಾರೂ ನಂಬಬೇಕಾಗಿಲ್ಲ. ಗಿಡ ನಾಲ್ಕು ಇದ್ದವು, ಅಷ್ಟು ನಂಬಿದರೆ ಸಾಕು: ನಿಂಬೆ, ಬಿಲ್ವ, ಕರಿಬೇವು, ಬಾವಚಿ. ಮೊದಲಿನ ಮೂರು ಗಿಡಗಳಲ್ಲಿ ಹುಳಗಳು ಸತ್ತವು. ನಾಲ್ಕನೆಯದರಲ್ಲಿ ಬದುಕಿದವು, ನನ್ನ ಅಪ್ಪನ ತಂಗಿ ಗೌರತ್ತಿಯ ಮದುವೆ ಸತ್ತಿತು.

ಬಾಲ್ಯದ ಮನೆ ಎಂದ ಕೂಡಲೇ ಅಡಿಗೆಮನೆಯ ಘಮದ ಬಗ್ಗೆ ಬರೆಯುವವರನ್ನು ಕಂಡರೆ ನನಗಾಗುವುದಿಲ್ಲ. ಸೊಲ್ಲಾಪುರದ ನಮ್ಮ ಮನೆಗೆ ಇದ್ದದ್ದು ನೂಲಿಗೆ ಹಾಕುವ ಬಣ್ಣದ ವಾಸನೆ. ಮುಂದೆ ಅಪ್ಪನ ಬಣ್ಣದ ಅಂಗಡಿ, ಹಿಂದೆ ಮನೆ; ಮೋರಿಯ ನೀರು ಒಂದು ದಿನ ನೀಲಿ, ಒಂದು ದಿನ ರಕ್ತದಂತೆ ಕೆಂಪು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿದರೆ ಮನೆಯವರೆಲ್ಲ ಏಳುತ್ತಿದ್ದರು, ಗಿರಣಿಗೆ ಹೋಗುವವರು ಒಬ್ಬರೂ ಇಲ್ಲದಿದ್ದರೂ. ಪಡಸಾಲೆಯಲ್ಲಿ ಗಂಡಸರು ಕುಳಿತು ಊರು ಯಾವ ರಾಜ್ಯಕ್ಕೆ ಸೇರಬೇಕೆಂದು ಕೂಗಾಡುತ್ತಿದ್ದರು. ಕನ್ನಡಕ್ಕೆ ಸೇರಬೇಕೆಂಬ ವಾದವನ್ನು ಅರ್ಧ ಮರಾಠಿಯಲ್ಲಿ ಮಂಡಿಸುತ್ತಿದ್ದರು. ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ಅವರ ಮಾತಿಗಿಂತ ಅರ್ಥವುಳ್ಳದ್ದಾಗಿತ್ತು. ಮನೆಯವರೆಲ್ಲ ಆಯಿ ಎನ್ನುತ್ತಿದ್ದ ನನ್ನ ಅಜ್ಜಿ ಇವೆಲ್ಲದರ ನಡುವೆ ಮಣೆಯ ಮೇಲೆ ಕುಳಿತು, ಯಾರ ತಪ್ಪು ಯಾವುದು ಎಂದು ದಿನವಿಡೀ ತೀರ್ಪು ಕೊಡುತ್ತಿದ್ದಳು. ನಾನು ಎಂಟರ ಹುಡುಗಿ, ಆ ತೀರ್ಪುಗಳನ್ನು ಕೇಳಿಯೇ ಬೆಳೆದೆ. ಈಗ ನಾನು ಬರೆಯುವುದರಲ್ಲಿ ಎಲ್ಲರಿಗೂ ಛೀಮಾರಿ ಹಾಕುವ ಧಾಟಿ ಇದೆ ಎನ್ನುತ್ತಾರೆ. ಆ ಮಣೆಯೇ ನನಗೆ ಆಸ್ತಿಯಾಗಿ ಬಂದಿರಬೇಕು.

ಗುರುಕಾಕಾ ಅಪ್ಪನ ತಮ್ಮ. ಪುಣೆಯಲ್ಲಿ ಎರಡು ವರ್ಷ ಕಾಲೇಜು ಮಾಡಿ, ಪದವಿಯ ಬದಲು ಒಂದು ಇಂಗ್ಲಿಷ್ ವಾರಪತ್ರಿಕೆಯ ಹರಿದ ಹಾಳೆ ತಂದಿದ್ದ. ಅದರಲ್ಲಿ ಒಂದು ಗಾಜಿನ ಮನೆ, ಒಳಗೆ ಒಬ್ಬ ಸಾಹೇಬ, ಅವನ ಸುತ್ತ ಉದ್ದುದ್ದ ಬಾಲದ ಪಾತರಗಿತ್ತಿಗಳು. ಅವುಗಳ ಹೆಸರು ಸ್ವಾಲೋಟೇಲ್ ಎಂದು ಕಾಕಾ ಹೇಳಿದ. ಹೇಳುವಾಗ ಬಾಯಿಯನ್ನು ಹೇಗೆ ತಿರುಗಿಸುತ್ತಿದ್ದನೆಂದರೆ ಆ ಬಾಲ ಅವನ ನಾಲಿಗೆಗೇ ಇದ್ದಂತೆ. ನಮ್ಮ ನಿಂಬೆ ಗಿಡದ ಮೇಲೆ ಕಾಗೆಯ ಹಿಕ್ಕೆಯಂತೆ ಬಿದ್ದುಕೊಂಡಿದ್ದ ಹುಳಗಳೇ ಬೆಳೆದು ಹಸಿರಾಗಿ, ಆಮೇಲೆ ಸ್ವಾಲೋಟೇಲ್ ಆಗುತ್ತವೆ ಎಂದು ಅವನು ಯಾವ ಪುಸ್ತಕದಿಂದಲೋ ಕಂಡುಕೊಂಡಿದ್ದ. ಆಯಿ ಅವುಗಳನ್ನು ಹೆಕ್ಕಿ ಕಾಲಿನಿಂದ ಹೊಸಕುತ್ತಿದ್ದಳು.

“ಆಯಿ, ಕೊಲ್ಲಬ್ಯಾಡ! ಅದು ಸ್ವಾಲೋಟೇಲ್ ಐತಿ.”

“ಯಾವ ಟೇಲೋ ಏನೋ. ನನ್ನ ಗಿಡ ಬೋಳ ಆಗಾಕತ್ತೈತಿ. ಉಪ್ಪಿನಕಾಯಿ ನಿಮ್ಮ ಸಾಹೇಬ ಹಾಕಿ ಕೊಡತಾನೇನು?”

“ನಾಲ್ಕ ಎಲಿ ತಿಂದ್ರ ಏನಾಗತೈತಿ?”

“ನೀನೂ ಹಂಗ ಅಂದಿದ್ದಿ ಪುಣೇಕ ಹೋಗುವಾಗ. ಎರಡ ವರ್ಷ ತಿಂದು ಬಂದಿ, ಏನಾತು?”

ಹೀಗೆ ನಿಂಬೆ ಕೈತಪ್ಪಿತು. ಕಾಕಾ ಹಾಲುಮೊಸರು ಇಡುವ ಜಾಳಿಗೆ ಕಪಾಟನ್ನು ಅಡಿಗೆಮನೆಯಿಂದ ಎತ್ತಿ ತಂದು ಪಡಸಾಲೆಯಲ್ಲಿಟ್ಟ. ಮೂರು ಕಡೆ ತಂತಿಯ ಜಾಳಿಗೆ, ಮುಂದೆ ಬಾಗಿಲು. ಅದರೊಳಗೆ ಉಳಿದ ಹುಳಗಳನ್ನು ಹಾಕಿದ. ಬಿಲ್ವವೂ ನಿಂಬೆಯ ಕುಲದ್ದೇ, ಬಿಲ್ವ ತಿನ್ನಿಸೋಣ ಎಂದ. ಆ ಮಾತು ನಿಜವಂತೆ, ಬಹಳ ವರ್ಷಗಳ ನಂತರ ವಿಚಾರಿಸಿದ್ದೇನೆ. ಆದರೆ ನಮ್ಮ ಮನೆಯಲ್ಲಿ ನಿಜವಾದ ಮಾತೂ ಹೊಸ್ತಿಲು ದಾಟುವಷ್ಟರಲ್ಲಿ ಮೂರ್ಖತನವಾಗುತ್ತಿತ್ತು. ಶಿವನ ಎಲೆಯನ್ನು ಹುಳಕ್ಕೆ ಹಾಕಿದರೆ ನಾನು ಊಟ ಮಾಡುವುದಿಲ್ಲ ಎಂದು ಆಯಿ ಮಣೆಯಿಂದ ಎದ್ದಳು. ಹುಳದಲ್ಲಿಯೂ ಶಿವನಿದ್ದಾನೆ ಎಂದ ಕಾಕಾ. ಹಾಗಾದರೆ ನಿನ್ನ ತಲೆಯಲ್ಲಿಯೂ ಇರಬೇಕು, ನನಗಂತೂ ಕಾಣಲೊಲ್ಲದು ಎಂದಳು ಆಯಿ. ಎರಡು ದಿನದ ಜಗಳದ ನಂತರ ಒಂದು ಒಪ್ಪಂದವಾಯಿತು, ಇಂಥದು ನಮ್ಮಂಥವರಿಗೆ ಮಾತ್ರ ಹೊಳೆಯುತ್ತದೆ: ಪೂಜೆಯಾಗಿ ಲಿಂಗದ ಮೇಲಿಂದ ತೆಗೆದ ಬಿಲ್ವವನ್ನು ಹುಳಕ್ಕೆ ಹಾಕಬಹುದು. ಶಿವ ಮೊದಲು, ಹುಳ ನಂತರ. ವಿಭೂತಿ ಹತ್ತಿದ, ಹಾಲು ಒಣಗಿದ, ಬಾಡಿದ ಎಲೆಗಳು. ಸೋಮವಾರ ಬಿಲ್ವ ಹರಿಯಬಾರದಾದ್ದರಿಂದ ಆ ದಿನ ರವಿವಾರದ ಎಲೆಗಳು. ಹುಳಗಳು ಬೂದಿ ಬಳಿದ ಎಲೆಯ ಅಂಚಿನಲ್ಲಿ ಓಡಾಡಿ, ತಲೆ ಎತ್ತಿ ಎತ್ತಿ ನೋಡಿ, ಒಂದೊಂದಾಗಿ ಕಪ್ಪಾಗಿ ಜೋತುಬಿದ್ದವು. ಪುಣ್ಯದ ಸಾವು ಎಂದಳು ಆಯಿ. ಅವಳು ಚೇಷ್ಟೆ ಮಾಡುತ್ತಿರಲಿಲ್ಲ.

ಕರಿಬೇವಿನ ಗತಿಯೂ ಅಷ್ಟೆ. ಬಚ್ಚಲ ನೀರು ಹರಿಯುವಲ್ಲಿ ಸೊಂಟದೆತ್ತರದ ಒಂದು ಗಿಡವಿತ್ತು. ನಿಂಬೆಯ ಮೇಲೆ ಹುಟ್ಟಿದ ಅರ್ಧ ಬೆಳೆದ ಹುಳಗಳನ್ನು ಕಾಕಾ ತಂದು ಅದರ ಎಲೆಯ ಮೇಲಿಟ್ಟ. ಅವು ಮೂಸಿಯೂ ನೋಡಲಿಲ್ಲ. ಒಂದು ಎಲೆಗೆ ಬಾಯಿ ಹತ್ತಿದ ಮೇಲೆ ಇನ್ನೊಂದಕ್ಕೆ ಹೋಗವು ಎಂಬುದನ್ನು ಕಂಡುಹಿಡಿದವಳು ಗೌರತ್ತಿ. ಕರಿಬೇವಿನ ಮೇಲೆಯೇ ಮೊಟ್ಟೆಯೊಡೆದು ಬಂದವು ಮಾತ್ರ ತಿಂದವು, ತಿಂದು ಐದು ದಿನದಲ್ಲಿ ಗಿಡವನ್ನು ಕಡ್ಡಿ ಮಾಡಿದವು, ಆಮೇಲೆ ಉಪವಾಸ ಸತ್ತವು. ಅವ್ವ ಒಂದು ವಾರ ಕರಿಬೇವಿಲ್ಲದ ಸಾರು ಬಡಿಸಿದಳು. ಬಡಿಸುವಾಗ ಸೌಟನ್ನು ಪಾತ್ರೆಗೆ ಸ್ವಲ್ಪ ಜೋರಾಗಿ ಬಡಿದಳು.

ಗೌರತ್ತಿಗೆ ಆಗ ಇಪ್ಪತ್ತಿರಬೇಕು. ಮನೆಯಲ್ಲಿ ನಿಜವಾಗಿ ನೋಡುವ ಕಣ್ಣು ಇದ್ದದ್ದು ಅವಳಿಗೊಬ್ಬಳಿಗೆ. ಕಾಕಾ ಭಾಷಣ ಮಾಡುತ್ತಿದ್ದ; ಹಿಕ್ಕೆ ಗುಡಿಸುವವಳು ಅವಳು, ಖಾಲಿ ಮಸಿ ಬಾಟ್ಲಿಗಳಿಗೆ ನೀರು ತುಂಬಿ ಟೊಂಗೆ ನಿಲ್ಲಿಸುವವಳು ಅವಳು, ಹುಳ ನೀರಿಗೆ ಬಿದ್ದು ಸಾಯದಿರಲೆಂದು ಬಾಟ್ಲಿಯ ಬಾಯಿಗೆ ಚಿಂದಿ ತುರುಕುವವಳೂ ಅವಳೇ. ಮುಟ್ಟಿದರೆ ಹುಳದ ನೆತ್ತಿಯಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಹೊರಬಂದು ಕೊಳೆತ ನಿಂಬೆಯ ವಾಸನೆ ಹೊಡೆಯುತ್ತಿತ್ತು. ಗೌರತ್ತಿ ಅದನ್ನು ನನಗೆ ತೋರಿಸಿ ನಗುತ್ತಿದ್ದಳು.

“ನೋಡ ಸರೂ, ಆಯಿಗಿ ಸಿಟ್ಟ ಬಂದಾಗ ಹಿಂಗ ಆಗತೈತಿ.”

ಅವಳು ಯಾವಾಗಲೂ ಮೊಣಕೈ ಮುಚ್ಚುವ ಕುಪ್ಪಸ ತೊಡುತ್ತಿದ್ದಳು. ಆ ಕಾಲದಲ್ಲಿ ಎಲ್ಲರೂ ತೊಡುತ್ತಿದ್ದರು. ಎಳೆಬಿಸಿಲಿಗೆ ಮಾಳಿಗೆ ಹತ್ತಿ ನಮಗೆ ಬೆನ್ನು ಮಾಡಿ ಬಹಳ ಹೊತ್ತು ಕೂರುತ್ತಿದ್ದಳು. ಕೂದಲು ಆರಿಸಲು ಎನ್ನುತ್ತಿದ್ದಳು. ಇದು ನಿಜವಾಗಿ ಕಂಡದ್ದೋ ಅಥವಾ ಆಮೇಲೆ ಆಗಿದ್ದಕ್ಕೆ ಹೊಂದಲೆಂದು ನಾನು ಹೊಲಿದು ಸೇರಿಸಿದ್ದೋ ಹೇಳಲಾರೆ. ಬಹಳ ಚೆನ್ನಾಗಿ ಹೊಂದುತ್ತದೆ. ಅದಕ್ಕೇ ನನಗೆ ಸಂಶಯ.

ಅಷ್ಟರಲ್ಲಿ ಗೌರತ್ತಿಗೆ ಅಕ್ಕಲಕೋಟೆಯ ಒಂದು ಸ್ಥಳ, ಎಂದರೆ ಸಂಬಂಧ, ಗೊತ್ತಾಯಿತು. ಕಿರಾಣಿ ವ್ಯಾಪಾರದ ಮನೆತನ, ಹುಡುಗ ಮೆಟ್ರಿಕ್. ದೀಪಾವಳಿ ಕಳೆದ ಮೇಲೆ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಇದಕ್ಕೂ ಮೊದಲು ಎರಡು ಸ್ಥಳ ಬಂದು ತಪ್ಪಿದ್ದವು, ಮೂರನೆಯದೂ ತಪ್ಪಿದರೆ ಹೆಣ್ಣಿನಲ್ಲೇ ಏನೋ ಇದೆ ಎಂದು ಊರು ತೀರ್ಮಾನಿಸುತ್ತಿತ್ತು. ಆಯಿ ದಿನಾ ಲಿಂಗಕ್ಕೆ ಹೆಚ್ಚು ಬಿಲ್ವ ಏರಿಸತೊಡಗಿದಳು. ಕಾಕಾನಿಗೆ ಬೇರೆ ಯೋಚನೆ. ಬೀಗರು ಪಡಸಾಲೆಯಲ್ಲಿ ಕುಳಿತಾಗ ಕಪಾಟಿನ ಬಾಗಿಲು ತೆರೆಯುವುದು, ಸ್ವಾಲೋಟೇಲ್‌ಗಳು ಹಾರಿ ಬರುವುದು, ಇದು ಎಂಥ ಸುಧಾರಿಸಿದ ಮನೆ ಎಂದು ಅವರು ಬೆರಗಾಗುವುದು! ಗಂಡಿನವರನ್ನು ಮೆಚ್ಚಿಸಲು ಬೇರೆಯವರು ಬೆಳ್ಳಿ ತಟ್ಟೆ ಎರವಲು ತರುತ್ತಾರೆ. ನಮ್ಮವನು ಹುಳ ಸಾಕಿದ.

ಆದರೆ ಸಾಕಲು ಹುಳವೂ ಉಳಿದಿರಲಿಲ್ಲ, ಗಿಡವೂ ಇರಲಿಲ್ಲ. ವಾರಕ್ಕೆರಡು ಸಲ ಕಂದಲಗಾಂವದಿಂದ ಪಲ್ಯದ ಬುಟ್ಟಿ ಹೊತ್ತು ಬರುವ ಯಲ್ಲವ್ವ, ಖಾಲಿ ಕಪಾಟಿನ ಎದುರು ತಲೆ ಹಿಡಿದು ಕುಳಿತ ಕಾಕಾನನ್ನು ಕಂಡು ನಕ್ಕಳು.

“ಇಂಥಾ ಹುಳಕ್ಕ ಇಷ್ಟ ಉಪಚಾರೇನ್ರಿ ಸಾವಕಾರ? ನಮ್ಮ ಹೊಲದಾಗ ಬಾವಚಿ ಗಿಡದ ತುಂಬ ಬಿದ್ದಾವ. ದನಾನೂ ಮೂಸಿ ನೋಡಾಂಗಿಲ್ಲ.”

ಕಾಕಾ ಎದ್ದು ಹೋದ. ಹೊಲದ ಕಸ ಅವನ ಸ್ವಾಲೋಟೇಲ್‌ಗೆ ತಕ್ಕುದಾಗಿರಲಿಲ್ಲ. ಉಳಿದವರು ನಾನು, ಗೌರತ್ತಿ, ಯಲ್ಲವ್ವ. ಆಗ “ಆ ಗಿಡಾನ ತಂದು ಕೊಡ” ಎಂದು ಯಾರೋ ಹೇಳಿದರು. ಹೇಳಿದವಳು ನಾನೇ ಎಂದು ಬಹಳ ಕಾಲ ನಂಬಿದ್ದೆ. ನನ್ನ ಧ್ವನಿ ನನ್ನ ಕಿವಿಗೆ ಈಗಲೂ ಕೇಳುತ್ತದೆ, ಹಿಂದಿನಿಂದ ಅವ್ವನ ರೊಟ್ಟಿಯ ಸದ್ದಿನ ಸಮೇತ.

ಮುಂದಿನ ಸಲ ಯಲ್ಲವ್ವ ಬೇರಿನ ಸಮೇತ ಕಿತ್ತ ಗಿಡಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಳು. ಮೊಳಕಾಲೆತ್ತರ, ದುಂಡನೆಯ ಎಲೆ, ನೇರಳೆ ಹೂವಿನ ಪುಟ್ಟ ತೆನೆ, ಕೆಲವು ಟೊಂಗೆಗಳಲ್ಲಿ ಬಲಿತು ಕಪ್ಪಾದ ಕಾಯಿ. ಎಲೆಗಳ ಮೇಲೆ ನಮ್ಮ ಹುಳಗಳೇ, ಎಂಟೋ ಒಂಬತ್ತೋ, ನಮ್ಮ ಮನೆಯಲ್ಲಿ ಎಂದೂ ಕಾಣದಷ್ಟು ದಪ್ಪ. ಗೌರತ್ತಿ ಗಿಡಗಳನ್ನು ಎಣ್ಣೆ ಡಬ್ಬಿಗಳಲ್ಲಿ ನೆಟ್ಟು ಕಪಾಟಿನಲ್ಲಿಟ್ಟಳು. ಹುಳಗಳು ತಿಂದವು, ಮಲಗಿದವು, ಮತ್ತೆ ತಿಂದವು. ದೇವರ ಎಲೆ, ಅಡಿಗೆಯ ಎಲೆ ಬೇಡವೆಂದವು ಕರಿಮಣ್ಣಿನ ಕಳೆಯನ್ನು ಕರಕರ ಕಡಿಯುತ್ತಿದ್ದವು. ಎರಡು ವಾರದಲ್ಲಿ ಏಳು ಹುಳ ಕಪಾಟಿನ ಜಾಳಿಗೆಗೆ ಬಾಲವೂರಿ, ಸೊಂಟಕ್ಕೆ ಒಂದೆಳೆ ದಾರ ಬಿಗಿದುಕೊಂಡು, ಹಿಂದಕ್ಕೆ ವಾಲಿ ಗೂಡಾಗಿ ನಿಂತವು. ಈಗ ಕಾಕಾ ಮತ್ತೆ ಕಪಾಟಿನ ಬಳಿಗೆ ಬಂದ. ಇದು ನನ್ನ ಪ್ರಯೋಗ ಎಂದು ಬಂದವರಿಗೆಲ್ಲ ಹೇಳಿದ.

ಇದು ಎಂಥ ಗಿಡವೆಂದು ಆಯಿಗೆ ಏಕೆ ತಿಳಿಯಲಿಲ್ಲ? ನಾವು ಪೇಟೆಯ ಮಂದಿ. ಬಾವಚಿ ನಮಗೆ ಗೊತ್ತಿದ್ದದ್ದು ಔಷಧದ ಅಂಗಡಿಯಲ್ಲಿ ಕಾಗದದ ಪೊಟ್ಟಣದಲ್ಲಿ ಸಿಗುವ ಕರಿ ಬೀಜವಾಗಿ. ಅದನ್ನು ಅರೆದು ಮೈಯ ಬಿಳಿ ಕಲೆಗೆ ಹಚ್ಚಿ ಬಿಸಿಲಿಗೆ ಕೂರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು; ಗಿಡ ಹೇಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಹೊಲದ ಕಸದ ಹೆಸರನ್ನು ಕಾಕಾ ಯಾರೆದುರೂ ಹೇಳಿರಲೂ ಇಲ್ಲ. ತೊನ್ನು ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಉಚ್ಚರಿಸುತ್ತಿರಲಿಲ್ಲ. ಮರಾಠಿಯಲ್ಲಿ ‘ಕೋಡ’ ಎನ್ನುತ್ತಿದ್ದರು, ಪರಭಾಷೆಯಲ್ಲಿ ಹೇಳಿದರೆ ತಮಗೆ ಅಂಟುವುದಿಲ್ಲ ಎಂಬಂತೆ. ಒಬ್ಬರಿಗೆ ಕಲೆ ಇದೆ ಎಂದು ಗೊತ್ತಾದರೆ ಆ ಮನೆಯ ಮೂರು ತಲೆಮಾರಿನ ಹೆಣ್ಣುಗಳು ಮೂಲೆ ಹಿಡಿಯುತ್ತಿದ್ದವು. ಚರ್ಮದ ಬಣ್ಣ ಒಂದು ರೂಪಾಯಿಯಗಲ ಮಾಸಿದ್ದಕ್ಕೆ ಇಷ್ಟು ನಡುಗುವ ಮಂದಿ, ಬಣ್ಣ ಮಾರಿ ಬದುಕುತ್ತಿದ್ದರು.

ಅಕ್ಕಲಕೋಟೆಯವರು ಬಂದದ್ದು ಬೆಳಿಗ್ಗೆ. ಹುಡುಗನ ಅಣ್ಣ, ಹುಡುಗನ ತಾಯಿ, ಹುಡುಗನ ಅಜ್ಜಿ. ಹುಡುಗ ಮಾತ್ರ ಬಂದಿರಲಿಲ್ಲ. ಅಂಗಡಿ ಬಿಟ್ಟು ಬರಲಾಗಲಿಲ್ಲವಂತೆ. ತಾಯಿ ಎರಡು ಸಲ ಅವಲಕ್ಕಿ ಹಾಕಿಸಿಕೊಂಡು, ಉಪ್ಪು ಒಂದಿಷ್ಟು ಹೆಚ್ಚಾಗಿದೆ ಎಂದು ಎರಡೂ ಸಲ ಹೇಳಿದಳು. ಅಣ್ಣ ಗೋಡೆಯ ಗಡಿಯಾರ ಸರಿ ಇದೆಯೇ ಎಂದು ತನ್ನ ಕೈಗಡಿಯಾರಕ್ಕೆ ಹೋಲಿಸಿದ. ಕಪಾಟಿನ ಮೇಲೆ ಹೊದಿಸಿದ್ದ ಚಾದರವನ್ನು ಕಾಕಾ ಜಾದೂಗಾರನಂತೆ ಎಳೆದ. ಒಳಗೆ ಬಾವಚಿ ಗಿಡಗಳು, ಆರು ಗೂಡು, ಆಗತಾನೆ ಹೊರಬಂದು ಒದ್ದೆ ಚಿಂದಿಯಂಥ ರೆಕ್ಕೆ ಇಳಿಬಿಟ್ಟು ಕುಳಿತ ಒಂದು ಪಾತರಗಿತ್ತಿ. ಕಾಕಾ ಬಾಗಿಲು ತೆರೆದ. ಅದು ಹಾರಲಿಲ್ಲ, ಹಾರುವ ಲಕ್ಷಣವೂ ಇರಲಿಲ್ಲ.

“ಕಾಕಾ, ಇದಕ್ಕ ಬಾಲ ಇಲ್ಲಲ್ಲ,” ಎಂದೆ ನಾನು.

ಇರಲಿಲ್ಲ. ನಮ್ಮ ಕಡೆಯ ಈ ಜಾತಿ ಆ ಕುಲದ್ದೇ ಆದರೂ ಇದಕ್ಕೆ ಬಾಲ ಇರುವುದಿಲ್ಲ. ಕಾಕಾನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಕುರನೂರಿನ ಹೊಲದಲ್ಲಿ ಹುಟ್ಟಿ ಬೆಳೆದಿದ್ದ ಆ ಅಜ್ಜಿ ಮುಂದೆ ಬಾಗಿ, ಕಪಾಟಿಗೆ ಕೈ ಹಾಕಿ ಒಂದು ಕಾಯಿ ಹರಿದು, ಬೆರಳಲ್ಲಿ ತಿಕ್ಕಿ ಮೂಸಿದಳು.

“ಇದು ಬಾವಚಿ ಅಲ್ಲೇನ್ರಿ?”

“ಹೌದಂತರಿ, ಯಾವುದೋ ಹೊಲದ ಗಿಡ. ಇದರ ಎಲಿ ತಿಂದು...” ಎಂದ ಕಾಕಾ.

“ಎಲಿ ಇರವಲ್ದ್ಯಾಕ. ಬೀಜ ಯಾರಿಗಿ?”

“ಹುಳಕ್ಕ ತರಿಸೀವ್ರಿ ಗಿಡ.”

“ಹುಳಕ್ಕ!” ಅಜ್ಜಿ ಮೊಮ್ಮಗನ ಕಡೆ ತಿರುಗಿದಳು. “ಕೇಳಿದ್ಯಾ, ಹುಳಕ್ಕಂತ.” ಮತ್ತೆ ಆಯಿಯತ್ತ ನೋಡಿ, ದನಿ ತಗ್ಗಿಸದೆ, “ಮನ್ಯಾಗ ಕೋಡ ಯಾರಿಗೈತಿ ಹೇಳ್ರಿ. ಹುಡುಗಿಗೋ, ನಿಮಗೋ?”

ಆ ಮನೆಯಲ್ಲಿ ಅಂದು ಆಡಿದ ನಿಜ ಅದೊಂದೇ, ಹುಳಕ್ಕೆ ತರಿಸಿದ್ದೇವೆ ಎಂಬುದು. ಅದನ್ನೊಂದನ್ನೇ ಯಾರೂ ನಂಬಲಿಲ್ಲ. ಕಾಕಾ ಹರಿದ ಹಾಳೆ ತಂದು ಸಾಹೇಬನನ್ನು ತೋರಿಸಿದ. ಸಾಹೇಬ ಬೆಳ್ಳಗಿದ್ದ, ಅದೂ ಒಳ್ಳೆಯದಾಗಲಿಲ್ಲ. ಗೌರತ್ತಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

“ಬಾರವಾ ಇಲ್ಲೆ,” ಎಂದಳು ಅಜ್ಜಿ. “ಕುಬಸದ ತೋಳ ಒಂದಿಷ್ಟ ಏರಸ ನೋಡೂನು.”

ಆಯಿ ಕಣ್ಣಿನಲ್ಲೇ ಏರಿಸು ಎಂದಳು. ಗೌರತ್ತಿ ತಟ್ಟೆಯನ್ನು ಕೆಳಗಿಟ್ಟಳು.

“ನಿಮ್ಮ ಹುಡುಗನ್ನ ಕರಕೊಂಡ ಬರ್ರಿ ಅಜ್ಜಿ. ಅಂವಾ ಅಂಗಿ ಕಳೀಲಿ, ಆಮ್ಯಾಲ ನಾ ತೋಳ ಏರಸ್ತೀನಿ. ಚಹಾ ಆರತೈತಿ, ಕುಡದು ಹೋಗ್ರಿ.”

ಅವರು ಕುಡಿಯದೆ ಹೋದರು. ಅಕ್ಕಲಕೋಟೆಗೆ ಬಸ್ಸು ಮುಟ್ಟುವ ಮೊದಲೇ ಸುದ್ದಿ ಮುಟ್ಟಿರಬೇಕು. ಆಯಿ ಡಬ್ಬಿಗಳನ್ನೆಲ್ಲ ಎತ್ತಿ ಮೋರಿಗೆ ಎಸೆದಳು. ಆ ದಿನ ನೀರು ನೀಲಿಯಾಗಿತ್ತು ಎಂದು ನೆನಪು. ಆಮೇಲೆ ಮಗಳ ಮೇಲೆ ಹರಿಹಾಯ್ದಳು.

“ತೋಳ ತೋರ್ಸಿದ್ರ ಮುಗೀತಿತ್ತಲ್ಲ! ಏನ ಗಂಟ ಹೋಗತಿತ್ತ ನಿಂದು?”

“ತೋಳ ತೋರ್ಸಿದ್ರ ಕಾಲ ಅಂತಿದ್ರು, ಕಾಲ ತೋರ್ಸಿದ್ರ ಬೆನ್ನ.”

“ಅವರಿಗಿ ಬ್ಯಾಡ. ನನಗ ತೋರ್ಸು.”

ಗೌರತ್ತಿ ತಾಯಿಯನ್ನು ಬಹಳ ಹೊತ್ತು ನೋಡಿದಳು. ನಾನು ಜೀವನದಲ್ಲಿ ಕಂಡ ತಿರಸ್ಕಾರಗಳಲ್ಲಿ ಅದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ; ನನ್ನದೆಲ್ಲ ಅದರ ನಕಲು.

“ನಿನಗೂ ನೋಡಬೇಕಾತಲ್ಲ,” ಎಂದಳು. “ಹಂಗಾರ ನಿನಗೂ ತೋರಸಾಂಗಿಲ್ಲ.”

ತೋರಿಸಲಿಲ್ಲ. ಬಚ್ಚಲಿಗೆ ಒಳಗಿನಿಂದ ಅಗಳಿ ಹಾಕತೊಡಗಿದಳು, ಕುಪ್ಪಸದ ತೋಳನ್ನು ಮುಂಗೈವರೆಗೆ ಇಳಿಸಿದಳು. ಮತ್ತೆ ಸ್ಥಳಗಳು ಬರಲಿಲ್ಲ. ಉಳಿದ ಆರು ಗೂಡುಗಳ ವಿಷಯ: ಅವು ಒಡೆದಾಗ ನಾನು ಕಪಾಟಿನ ಬಾಗಿಲು ತೆರೆದೆ, ಪಾತರಗಿತ್ತಿಗಳು ಅಂಗಳದ ಬಿಸಿಲಿಗೆ ಹಾರಿದವು ಎಂದು ಬರೆದರೆ ಈ ಅಧ್ಯಾಯಕ್ಕೆ ಒಪ್ಪುತ್ತದೆ, ಒಂದೆರಡು ಸಲ ಹಾಗೆ ಹೇಳಿಯೂ ಇದ್ದೇನೆ. ಯಾರೂ ತೆರೆಯಲಿಲ್ಲ. ಮತ್ತೆ ಮೊಸರು ಇಡಲೆಂದು ಅವ್ವ ಕಪಾಟನ್ನು ಒರೆಸಿದಾಗ ಹಳದಿ ಕಪ್ಪು ಪುಡಿ ಒರೆಸುವ ಬಟ್ಟೆಗೆ ಹತ್ತಿತು.

ಗೌರತ್ತಿ ಹಟ ಹಿಡಿದು ಓದಿ ಕನ್ನಡ ಶಾಲೆಯ ಶಿಕ್ಷಕಿಯಾದಳು, ಅದೂ ಅಕ್ಕಲಕೋಟೆಯಲ್ಲೇ. ಆ ಕಿರಾಣಿ ಅಂಗಡಿಯ ಎದುರಿನಿಂದಲೇ ಮೂವತ್ತು ವರ್ಷ ಶಾಲೆಗೆ ನಡೆದಳು, ಬೇಸಿಗೆಯಲ್ಲಿಯೂ ಮುಂಗೈವರೆಗೆ ತೋಳು ತೊಟ್ಟು. ಗಿಡ ತರಿಸಿದವಳು ನಾನು, ಅವಳ ಬದುಕು ಹೀಗಾಗಲು ನಾನೇ ಕಾರಣ ಎಂದು ನಾನು ಕೊರಗುತ್ತಿದ್ದೆ. ಆ ಕೊರಗಿನಲ್ಲಿ ನನಗೊಂದು ಹೆಮ್ಮೆಯೂ ಇತ್ತು, ಎಂಟು ವರ್ಷದವಳಿಗೆ ಅಷ್ಟು ಶಕ್ತಿ ಇತ್ತಲ್ಲ ಎಂದು. ನಾನು ಕಾಲೇಜು ಮುಗಿಸಿದ ವರ್ಷ, ಮುದುಕಿಯಾಗಿದ್ದ ಯಲ್ಲವ್ವ ಮನೆಗೆ ಬಂದಾಗ ಇದನ್ನು ಅವಳ ಮುಂದೆ ಹೇಳಿಕೊಂಡೆ.

“ನೀ ಎಲ್ಲಿ ಹೇಳಿದ್ಯವ್ವಾ?” ಎಂದಳು ಯಲ್ಲವ್ವ. “ಹೇಳಿದಾಕಿ ಗೌರವ್ವ. ಬಾಗಿಲ ತನಕ ನನ್ನ ಹಿಂದ ಬಂದು, ಬೀಜ ಬಲಿತದ್ದನ್ನ ನೋಡಿ ಕಿತ್ತು ತಾ ಅಂದಳು.”

ಹುಳಕ್ಕೆ ಬೇಕಾದದ್ದು ಎಳೆ ಎಲೆ. ಬಲಿತ ಬೀಜದಿಂದ ಹುಳಕ್ಕೆ ಏನೂ ಲಾಭವಿಲ್ಲ. ಮನೆಯಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಗೌರತ್ತಿ. ಹಾಗಾದರೆ ಅವಳಿಗೆ ಬೀಜ ಬೇಕಿತ್ತೇ, ಔಷಧದ ಅಂಗಡಿಗೆ ಹೋಗಿ ಕೇಳಲಾಗದ ಬೀಜ? ಅಥವಾ ಬಂದವರ ಕಣ್ಣಿಗೆ ಬೀಳಲೆಂದೇ ತರಿಸಿದಳೇ, ಅವಲಕ್ಕಿಗೆ ಉಪ್ಪು ಹೆಚ್ಚಾಯಿತೆನ್ನುವವರ ಮನೆಗೆ ಹೋಗಲೊಲ್ಲದೆ? ಅಥವಾ ಬೀಜ ಬಿತ್ತಿ ಮುಂದಿನ ವರ್ಷಕ್ಕೂ ಗಿಡ ಬೆಳೆಸುವ ಆಸೆಯಷ್ಟೇ ಇತ್ತೇ? ಮೂರನೆಯದು ಎಲ್ಲಕ್ಕಿಂತ ಸರಳ, ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯುವಂಥದಲ್ಲ. ಯಲ್ಲವ್ವನನ್ನಾದರೂ ಎಷ್ಟು ನಂಬುವುದು? ಸಣ್ಣಂದಿನಲ್ಲಿ ನಾನು ಬೆಳ್ಳಗೆ ದುಂಡುದುಂಡಗೆ ಇದ್ದೆ ಎಂದೂ ಅವಳು ಅದೇ ಉಸಿರಿನಲ್ಲಿ ಹೇಳಿದಳು. ನಾನು ಎಂದೂ ಹಾಗಿರಲಿಲ್ಲ.

ಗೌರತ್ತಿ ತೀರಿಕೊಂಡಾಗ ಅಕ್ಕಲಕೋಟೆಗೆ ಹೋದೆ. ಒಳಗಿನ ಕೋಣೆಯಲ್ಲಿ ಓಣಿಯ ಹೆಂಗಸರು ಮೈ ತೊಳೆಯಲು ನೀರು ಕಾಸಿಟ್ಟುಕೊಂಡಿದ್ದರು. ಬಾ ಸರೂ, ಸ್ವಂತ ಅಣ್ಣನ ಮಗಳ ಅದಿ, ಒಂದ ತಂಬಿಗಿ ಹಾಕು ಎಂದು ಕರೆದರು. ನಾನು ಹೊಸ್ತಿಲ ಹೊರಗೆ ನಿಂತೆ. ಮುಂಗೈಯ ಗುಂಡಿ ಬಿಚ್ಚಿದ ಸದ್ದು ಕೇಳಿದಾಗ ತಿರುಗಿ ಅಂಗಳಕ್ಕೆ ಬಂದೆ. ಆಮೇಲೂ ಆ ಹೆಂಗಸರಲ್ಲಿ ಯಾರನ್ನೂ ಕೇಳಲಿಲ್ಲ. ಅವಳ ಹಟಕ್ಕೆ ಕೊಟ್ಟ ಗೌರವ ಎಂದು ಆಗ ಅಂದುಕೊಂಡೆ. ಕಲೆ ಇದ್ದರೆ ನನಗೆ ಏನನ್ನಿಸೀತೋ ಎಂಬ ಅಂಜಿಕೆಯೂ ಇದ್ದೀತು, ನಾನೂ ಆ ಮನೆಯವಳೇ.

ಗಿಡ ತಂದು ಕೊಡು ಎಂದದ್ದು ನಾನೋ ಅವಳೋ ನನಗೆ ಗೊತ್ತಿಲ್ಲ. ಆ ತೋಳಿನ ಮೇಲೆ ಏನಾದರೂ ಇತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.